ಕೇಳದೆ ಎತ್ತಿದ ಗೇಟು

ಹೋದ ತಿಂಗಳು ಹಾಸ್ಟೆಲಿನಿಂದ ಬಂದಾಗ ನೀವಿಬ್ಬರು ಅಣ್ಣ ತಂಗಿ ಊಟಕ್ಕೆ ಕುಳಿತಲ್ಲೇ ಜಗಳವಾಡಿದಿರಿ.

"ಧರಣಿ ಕೂತು ಯಾರಿಗೆ ಏನ ಸಿಕ್ಕೈತಿ? ನಾಕ ಬಸ್ಸಿನ ಗ್ಲಾಸ ಒಡದ ಮ್ಯಾಲೇ ಸರಕಾರದ ಕಿವಿ ತೆರಿತಾವ" ಎಂದ ದೊಡ್ಡವನು.

"ಮೊದಲ ಉಂಡ ತಾಟ ಎತ್ತಿಡೂದ ಕಲಿ. ಆಮ್ಯಾಲ ಕಲ್ಲ ಎತ್ತೀಯಂತ" ಎಂದಳು ಚಿಕ್ಕವಳು.

ನಾನು ನಕ್ಕೆ. ನನ್ನ ಮಗ, ನಿಮ್ಮ ಅಪ್ಪ, ನಗಲಿಲ್ಲ. ಅರ್ಧ ರೊಟ್ಟಿ ಬಿಟ್ಟು ಕೈ ತೊಳೆದುಕೊಂಡು ಹೊರಗೆ ಹೋದ. ಅಪ್ಪನಿಗೆ ಸಿಟ್ಟು ಬಂತು ಎಂದುಕೊಂಡು ನೀವೂ ಸುಮ್ಮನಾದಿರಿ. ಅದು ಸಿಟ್ಟಲ್ಲ ಮಕ್ಕಳೇ. ಮರುದಿನ ನಾನು ಅವನನ್ನು ಕೇಳಿದೆ, "ಹುಡುಗರಿಗೆ ಬರದ ಕೊಡ್ಲೇನೋ?" ಕೈಯಲ್ಲಿದ್ದ ಗುದ್ದಲಿಯನ್ನು ಗೋಡೆಗೆ ಆನಿಸಿದ. ಆಮೇಲೆ, "ಬರಿ ಬೇ. ಆದ್ರ ಇದ್ದದ್ದ ಇದ್ದಂಗ ಬರಿ. ಮಗ ಅಂತ ಕಡಿಮಿ ಮಾಡಬ್ಯಾಡ" ಎಂದ.

ಬಾಯಿಂದ ಹೇಳಲು ನನಗೆ ಬರುವುದಿಲ್ಲ. ನಾಲ್ಕು ಜನ ಕೂಡಿದರೆ ನನ್ನ ನಾಲಿಗೆ ಒಣಗುತ್ತದೆ. ತವರಾದ ತಂಗಡಗಿಯ ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಕಲಿತವಳು. ಗುರುಗಳು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ಎದ್ದು ನಿಲ್ಲುತ್ತಿರಲಿಲ್ಲ, ಪಾಟಿಯ ಮೇಲೆ ಬರೆದು ತೋರಿಸುತ್ತಿದ್ದೆ. ಇದೂ ಹಾಗೆಯೇ ಎಂದು ತಿಳಿಯಿರಿ.

ತವರಿನಲ್ಲಿ ನಮಗೆ ನೀರಿನ ಚಿಂತೆ ಇರಲಿಲ್ಲ. ಹೊಳೆ ಅಂಗಳದ ಮುಂದೆಯೇ ಇದ್ದಂತೆ. ಮದುವೆಯಾಗಿ ಇಂಡಿ ತಾಲೂಕಿನ ಈ ಊರಿಗೆ ಬಂದಾಗ, ಅದೇ ಹೊಳೆಯ ನೀರು ಕಾಲುವೆಯಲ್ಲಿ ಬರುತ್ತದೆ ಎಂದು ಹೇಳಿದರು. ಕಾಲುವೆ ಬಂತು. ಸಿಮೆಂಟು ಬಳಿದರು, ಕಲ್ಲಿನ ಮೇಲೆ ನಂಬರು ಬರೆದರು. ನೀರು ಮಾತ್ರ ಸಿಂದಗಿ ಕಡೆಯ ಊರುಗಳಲ್ಲೇ ತೀರಿಹೋಗುತ್ತಿತ್ತು. ನಮ್ಮದು ಕಾಲುವೆಯ ಬಾಲದ ಊರು. ನಮ್ಮ ಮಕ್ಕಳು ಒಣಗಿದ ಕಾಲುವೆಯೊಳಗೆ ಕ್ರಿಕೆಟ್ ಆಡಿ ದೊಡ್ಡವರಾದರು. ನಿಮ್ಮ ಅಪ್ಪನೂ ಅಲ್ಲಿಯೇ ಆಡಿದವನು.

ನಿಮ್ಮ ಮುತ್ಯಾ, ನನ್ನ ಯಜಮಾನರು, ರೈತ ಸಂಘದ ಮನುಷ್ಯ. ಹೊಲದ ಕೆಲಸ ಮುಗಿದರೆ ಹೆಗಲಿಗೆ ಚೀಲ ಹಾಕಿಕೊಂಡು ಬಸ್ಸು ಹತ್ತುತ್ತಿದ್ದರು. ಇವತ್ತು ಮುದ್ದೇಬಿಹಾಳ, ನಾಳೆ ಬಸವನ ಬಾಗೇವಾಡಿ. ಒಮ್ಮೆ ಮನಗೂಳಿಯಲ್ಲಿ ಸಭೆ ಕರೆದಿದ್ದರು. ಬಂದವರು ಮೂರೇ ಜನ. ಆ ಮೂವರನ್ನೇ ಬೇವಿನ ಗಿಡದ ಕೆಳಗೆ ಕೂರಿಸಿಕೊಂಡು ಎರಡು ತಾಸು ಮಾತನಾಡಿ ಬಂದರು.

"ಮೂರು ಮಂದಿ ಕೂಡಿ ಕ್ರಾಂತಿ ಮಾಡಿದ್ರೇನು?" ಎಂದು ನಿಮ್ಮ ಅಪ್ಪ ಕುಟುಕಿದ. ಆಗ ಅವನಿಗೆ ಇಪ್ಪತ್ತೆರಡು. ಮೀಸೆ ಚಿಗುರಿದ್ದಕ್ಕಿಂತ ಮಾತು ಹೆಚ್ಚು ಚಿಗುರಿತ್ತು.

"ಮುಂದಿನ ವಾರ ಏಳು ಮಂದಿ ಬರತೀವಿ ಅಂದಾರಪಾ" ಎಂದರು ಮುತ್ಯಾ, ಬೂಟಿನ ಧೂಳು ಕೊಡವುತ್ತ.

"ಹಂಗಾದ್ರ ನಾ ಮುದಕ ಆಗೂದ್ರಾಗ ನೀರ ಬರತೈತಿ ಬಿಡ್ರಿ."

ಅಪ್ಪ-ಮಗನ ವಾದಕ್ಕೆ ಒಂದು ಹಳೆಯ ಕಥೆ ಯಾವಾಗಲೂ ನಡುವೆ ಬರುತ್ತಿತ್ತು. ನನ್ನ ಮಾವನವರು ಬ್ರಿಟಿಷರ ಕಾಲದಲ್ಲಿ, ಹರೆಯದಲ್ಲಿ, ಗೆಳೆಯರ ಜೊತೆ ಟಪಾಲು ಕಚೇರಿಯ ತಂತಿ ಕತ್ತರಿಸಿದವರು. ನಿಮ್ಮ ಅಪ್ಪನಿಗೆ ಆ ಕಥೆಯೆಂದರೆ ಪ್ರಾಣ. "ನಮ್ಮ ಮುತ್ಯಾ ಅರ್ಜಿ ಬರೀಲಿಲ್ಲ, ಕತ್ತರಿ ಹಿಡದ" ಎಂದು ಎದೆ ತಟ್ಟಿಕೊಳ್ಳುತ್ತಿದ್ದ. ಆಗ ಇವರು, ನನ್ನ ಯಜಮಾನರು, ಮೆಲ್ಲಗೆ ಹೇಳುವರು: "ಹೌದು. ಆದ್ರ ನಮ್ಮಪ್ಪ ಕತ್ತರಿ ಹಿಡಿಯೂಕಿಂತ ಮೊದಲ ಒಂದ ತಿಂಗಳ ಮನಿ ಮನಿ ಅಡ್ಡಾಡಿದ್ದ. ಹಿಂಗ ಮಾಡತೀವಿ, ಪೊಲೀಸರು ಬರತಾರ, ಊರಿಗೆಲ್ಲ ದಂಡ ಹಾಕತಾರ, ನೀವ ತಡ್ಕೋತೀರೇನು ಅಂತ ಕೇಳಿದ್ದ. ಊರು ಹೂಂ ಅಂತು. ಅದಕ್ಕ ಆರು ತಿಂಗಳ ಅವ್ನ ಹಗೇದಾಗ ಮುಚ್ಚಿಟ್ಟು ಸಾಕ್ತು. ನೀ ಕತಿಯೊಳಗಿನ ಕತ್ತರಿ ಅಷ್ಟ ತಗೊಂಡಿ."

ಹಗೇವು ಎಂದರೆ ಜೋಳ ತುಂಬಿಡುವ ನೆಲದ ಗುಂಡಿ; ನೀವು ನೋಡಿಲ್ಲ.

ಆ ವರ್ಷ ಶಿವರಾತ್ರಿ ಕಳೆದ ಮೇಲೆ ಇಂಡಿಯ ತಾಲೂಕು ಕಚೇರಿಯ ಮುಂದೆ ಸಂಘದವರು ಧರಣಿಗೆ ಡೇರೆ ಹಾಕಿದರು. ಬೇಸಿಗೆಗೆ ಕಾಲುವೆ ಬಂದ್ ಮಾಡುವ ಮೊದಲು ಒಮ್ಮೆಯಾದರೂ ಬಾಲಕ್ಕೆ ನೀರು ಮುಟ್ಟಬೇಕು ಎಂಬುದು ಬೇಡಿಕೆ. ನಾಲ್ಕು ಊರಿನವರು ಪಾಳಿಯ ಮೇಲೆ ಕೂರುವುದು. ಕುಳಿತವರಿಗೆ ಊಟ ಮನೆ ಮನೆಯಿಂದ ಹೋಗಬೇಕು. ದಿನಕ್ಕೆ ಮನೆಗೆ ಎರಡು ರೊಟ್ಟಿ, ಇದ್ದವರು ಮೇಲೊಂದು ಹಿಡಿ ಶೇಂಗಾ ಹಿಂಡಿ. ರೊಟ್ಟಿಯೆಲ್ಲ ಬೆಳಿಗ್ಗೆ ನಮ್ಮ ಪಡಸಾಲೆಗೆ ಬರುತ್ತಿತ್ತು. ಅದನ್ನು ಬುಟ್ಟಿಯಲ್ಲಿ ಜೋಡಿಸಿ, ಅರಿವೆ ಕಟ್ಟಿ, ಎಂಟು ಗಂಟೆಯ ಬಸ್ಸಿಗೆ ಏರಿಸುವುದು ನನ್ನ ಕೆಲಸ. ಸಭೆಗೆ ಹೋಗಲು ನಾಚುತ್ತಿದ್ದ ನನಗೆ ಇದು ಹೇಳಿ ಮಾಡಿಸಿದ್ದು. ರೊಟ್ಟಿ ನೋಡಿದರೆ ಮನೆ ಯಾವುದೆಂದು ಹೇಳಬಲ್ಲವಳಾಗಿದ್ದೆ. ಅಂಚು ದಪ್ಪಗಿದ್ದರೆ ಗೌಡರ ಸೊಸೆಯದು, ಅವಳಿಗೆ ಯಾವಾಗಲೂ ಅವಸರ. ಎಳ್ಳು ಒತ್ತಿದ್ದು ಮೂಲೆಮನೆಯ ಮುದುಕಿಯದು. ಯಾವ ದಿನ ಯಾವ ಮನೆಯದು ಬರಲಿಲ್ಲವೋ ಅಲ್ಲಿ ಕಾಯಿಲೆಯೋ ಮುನಿಸೋ ಇದೆ ಎಂದು ಇವರಿಗೆ ತಿಳಿಸುತ್ತಿದ್ದೆ. ಇವರು ಸಂಜೆ ಆ ಮನೆಗೆ ಹೋಗಿ ಕೂರುವರು.

ಕಾಲುವೆಯಲ್ಲಿ ನಮಗಿಂತ ಮೇಲಿನ ಊರಿನಿಂದ ದಿನವೂ ಹತ್ತು ರೊಟ್ಟಿ ಕಳಿಸುತ್ತಿದ್ದವರು ಒಬ್ಬ ಚಾಚಿ. ಅವರದು ಕಾಲುವೆ ದಂಡೆಯ ನಿಂಬೆ ತೋಟ. ಸಾಬರ ಹಳೆಯ ಮನೆತನ. ಗಂಡ ಹಾಸಿಗೆ ಹಿಡಿದಿದ್ದರು, ತೋಟವನ್ನೆಲ್ಲ ಅವರೇ ನೋಡಿಕೊಳ್ಳುತ್ತಿದ್ದರು. ರೊಟ್ಟಿಯ ನಡುವೆ ಎರಡು ನಿಂಬೆಹಣ್ಣು ಇಟ್ಟು "ಭಾಷಣಾ ಮಾಡಾವ್ರ ಗಂಟಲಿಗೆ" ಎಂದು ಹೇಳಿ ಕಳಿಸುವರು.

ಹದಿನೇಳನೆಯ ದಿನ ದೊಡ್ಡ ಅಧಿಕಾರಿ ಸೋಮವಾರ ಮಾತಿಗೆ ಕರೆದಿದ್ದಾರೆ ಎಂದು ಸುದ್ದಿ ಬಂತು. ನಾಲ್ಕೂ ಊರಿನಿಂದ ಇಬ್ಬಿಬ್ಬರು ಬರಬೇಕು. ಇವರು ಆ ದಿನ ಎರಡು ರೊಟ್ಟಿ ಹೆಚ್ಚಿಗೆ ತಿಂದರು.

ನಿಮ್ಮ ಅಪ್ಪನಿಗೆ ಮಾತ್ರ ಸಮಾಧಾನವಿಲ್ಲ. ಅವನೂ ಇನ್ನು ಮೂವರು ಹುಡುಗರೂ ಗುಂಪು ಕಟ್ಟಿಕೊಂಡಿದ್ದರು. ಯಾವಯಾವುದೋ ದೇಶದ ಕ್ರಾಂತಿಯ ಪುಸ್ತಕ ಓದುವರು, ಒಂದೇ ಮೊಬೈಲಿನ ಸುತ್ತ ನಾಲ್ಕು ತಲೆ ಸೇರಿಸಿ ಏನೇನೋ ನೋಡುವರು. ಗುಂಪಿಗೊಂದು ಹೆಸರೂ ಇಟ್ಟಿದ್ದರು. ಅದನ್ನು ಇಲ್ಲಿ ಬರೆಯುವುದಿಲ್ಲ. ಇಷ್ಟು ವರ್ಷದ ಮೇಲೆ ಅವನಿಗೆ ನಾಚಿಕೆಯಾದೀತು.

"ರೊಟ್ಟಿ ಎತ್ತಿ ಹೋರಾಟ ಮಾಡೂದು ಭಿಕ್ಷುಕರ ಕೆಲಸ. ಸೋಮವಾರ ಚಾ ಕುಡಿಸಿ ಕಳಸತಾರ, ನೋಡತಿರು" ಎಂದ, ನಾನು ಬುಟ್ಟಿ ಕಟ್ಟುವಾಗ.

ನಾನು ಅರಿವೆಯ ಗಂಟು ಬಿಗಿದು ಬುಟ್ಟಿ ಎತ್ತಿದೆ. ಒಂದು ಮಾತು ಹೇಳಬೇಕಿತ್ತು.

ಶನಿವಾರ ಮಧ್ಯಾಹ್ನ, ಬಿಸಿಲು ನೆತ್ತಿಯ ಮೇಲಿದ್ದಾಗ, ಮೇಲಿನ ಊರಿನಿಂದ ಎರಡು ಮೈಲಿ ಆಚೆ ಕಾಲುವೆಯ ಗೇಟಿನ ಬಳಿ ನಾಲ್ವರೂ ಹೋದರು. ಕಾವಲಿನವನು ಊಟಕ್ಕೆ ಹೋಗಿದ್ದ. ಬೀಗ ಒಡೆದು ಗೇಟನ್ನು ಪೂರ್ತಿ ಮೇಲಕ್ಕೆತ್ತಿದರು. ನೀರು ಧುಮುಕಿ ಬರುವುದನ್ನು ನೋಡಿ ಕುಣಿದರಂತೆ. ಮೋಟರ್ ಸೈಕಲಿನ ಮೇಲೆ ನೀರಿಗಿಂತ ಮೊದಲೇ ಊರಿಗೆ ಬಂದು "ನೀರ ಬಂತು, ನೀರ ಬಂತು" ಎಂದು ಕೂಗಿದರು. ಮುದುಕರೂ ಎದ್ದು ದಂಡೆಗೆ ಓಡಿದರು.

ನೀರು ಬರಲಿಲ್ಲ.

ಯಾಕೆಂದರೆ ಮಕ್ಕಳೇ, ನೀರೇ ಕಾಣದ ಆ ಕಾಲುವೆಯಲ್ಲಿ ನಾವು, ನಮ್ಮೂರಿನ ಮತ್ತು ಮೇಲಿನ ಊರಿನ ಹೆಂಗಸರು, ಕಣಕಿ ಒಟ್ಟಿದ್ದೆವು. ಜೋಳದ ರಾಶಿಯಾದ ಮೇಲೆ ದನಗಳಿಗೆಂದು ಉಳಿಯುವ ದಂಟು. ಬಯಲಲ್ಲಿ ಬಣವೆ ಹಾಕಿದರೆ ಗಾಳಿ ಕಿತ್ತು ಒಯ್ಯುತ್ತದೆ. ಕಾಲುವೆಯೊಳಗೆ ಎರಡು ಕಡೆ ಗೋಡೆ, ಕೆಳಗೆ ಸಿಮೆಂಟು, ಗೆದ್ದಲಿಲ್ಲ. ಸರ್ಕಾರ ನೀರಿಗೆಂದು ಕಟ್ಟಿದ್ದನ್ನು ನಾವು ಬಣವೆಗೆ ಇಟ್ಟುಕೊಂಡಿದ್ದೆವು. ಗಂಡಸರಿಗೆ ಅದರ ಲಕ್ಷ್ಯವಿರಲಿಲ್ಲ, ದನಕ್ಕೆ ಮೇವು ಹಾಕುವವರು ನಾವು ತಾನೇ? ಮೇಲಿನ ಊರಿನ ಎಲ್ಲೆಯಲ್ಲಿ, ಬಂಡಿದಾರಿಯ ಕೆಳಗೆ ಕಾಲುವೆ ಹಾಯುವ ಸಿಮೆಂಟ್ ಪೈಪಿನ ಆಚೆಗೆ, ಸಾಲಾಗಿ ಇಪ್ಪತ್ತಕ್ಕೂ ಹೆಚ್ಚು ಬಣವೆ. ನೀರು ಅವನ್ನೆಲ್ಲ ಎತ್ತಿಕೊಂಡು ಬಂದು ಪೈಪಿನ ಬಾಯಿಗೆ ತುರುಕಿತು. ದಾರಿ ಸಿಗದೆ ದಂಡೆ ಹಾರಿತು. ತಗ್ಗಿನಲ್ಲಿದ್ದದ್ದು ಚಾಚಿಯ ತೋಟ. ಕಿತ್ತು ಒಣಗಲು ಹಾಕಿದ್ದ ಉಳ್ಳಾಗಡ್ಡಿಯ ರಾಶಿಗಳು ತೇಲಿದವು. ನಿಂಬೆಗಿಡಗಳು ಮೊಣಕಾಲುದ್ದ ಕೆಸರು ನೀರಿನಲ್ಲಿ ನಿಂತವು. ಗೇಟು ಇಳಿಸುವ ಹೊತ್ತಿಗೆ ಆಚೀಚೆಯ ಐದಾರು ಹೊಲಗಳೂ ಹೋಗಿದ್ದವು.

ಭಾನುವಾರ ಬೆಳಿಗ್ಗೆ ಮೇಲಿನ ಊರಿನಿಂದ ಒಂದು ರೊಟ್ಟಿಯೂ ಬರಲಿಲ್ಲ. ಡೇರೆಯಲ್ಲಿದ್ದ ಆ ಊರಿನವರು ಎದ್ದು ಹೋದರು. ಕಚೇರಿಯಿಂದ ಫೋನು ಬಂತು: "ಮೊದಲ ನಿಮ್ಮ ನಿಮ್ಮೊಳಗಿನ ಜಗಳಾ ಮುಗಿಸ್ಕೊಂಡ ಬರ್ರಿ." ಸೋಮವಾರದ ಮಾತು ರದ್ದಾಯಿತು. ಊಟಕ್ಕೆ ಹೋಗಿದ್ದ ಕಾವಲಿನವನನ್ನು ಕೆಲಸದಿಂದ ಬಿಡಿಸಿದರು; ಅವನೂ ಬಡವನೇ.

ಮೂವರು ಹುಡುಗರು ಸೋಲಾಪುರದ ಬಸ್ಸು ಹತ್ತಿದರು. ನಿಮ್ಮ ಅಪ್ಪನೂ ಚೀಲ ತುಂಬಿಕೊಂಡಿದ್ದ. ಇವರು ಕಟ್ಟೆಯ ಮೇಲೆ ಕುಳಿತಿದ್ದರು. ಹೊಡೆಯುತ್ತಾರೆ ಎಂದು ನನಗೆ ಹೆದರಿಕೆ. ಹೊಡೆಯಲಿಲ್ಲ.

"ಹೋಗೂದಾದ್ರ ಹೋಗು" ಎಂದರು. "ನನಗ ಡೇರೆದಾಗ ಇನ್ನ ಮೂರು ಊರಿನ ಮಂದಿ ಕುಂತಾರ. ಅವ್ರನ್ನ ಹಂಗ ಬಿಡಾಕ ಆಗೂದಿಲ್ಲ."

"ನಾ ಯಾರ ಮನಿ ಹಾಳ ಮಾಡಾಕ ಹೋಗಿರಲಿಲ್ರಿ. ನೀರ ತರಾಕ ಹೋಗಿದ್ದೆ."

"ಗೊತ್ತೈತಿ." ಇವರು ಎದ್ದರು. "ಅದು ನನಗ ಗೊತ್ತೈತಿ ಮಗನ. ಚಾಚಿಗೆ ಗೊತ್ತಿಲ್ಲ."

ಅಷ್ಟೇ ಹೇಳಿ ಬಸ್ಸಿಗೆ ಹೋದರು. ಮನೆಯಲ್ಲಿ ನಾನು, ನಿಮ್ಮ ಅಪ್ಪ, ಅವನ ಚೀಲ. ಅವನು ಹೊಸ್ತಿಲು ದಾಟಿದರೆ ಮತ್ತೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಪೊಲೀಸರ ಭಯಕ್ಕಲ್ಲ, ನಾಚಿಕೆಗೆ. ನಾಚಿಕೆಯಿಂದ ಓಡಿದವನು ಎಲ್ಲಿ ನಿಲ್ಲುತ್ತಾನೆ? ಅವನು ಹೇಳುತ್ತಿದ್ದ: ಸೋಲಾಪುರದಲ್ಲಿ ಯಾರೋ ಇದ್ದಾರೆ, ಅವರು ಇನ್ನೂ ದೊಡ್ಡ ಕೆಲಸ ಮಾಡುವವರು, ಈ ಅಂಜುಬುರುಕ ಊರು ತನಗೆ ಬೇಡ.

ನಾನು ಬಾಗಿಲಲ್ಲಿ ನಿಂತೆ. 

"ಆ ಬಣವಿಯೊಳಗ ನಮ್ದೂ ಒಂದಿತ್ತೋ" ಎಂದೆ.

ಅವನು ನನ್ನ ಮುಖ ನೋಡಿದ.

"ಮೂರನೇದ್ದು. ನಾನ ಒಟ್ಟಿದ್ದು. ಹೋದ ವಾರ ನಿನ್ನ ಎತ್ತಿಗೆ ಅದ ಮೇವು ತಂದ ಹಾಕೀನಿ. ಶುಕ್ರವಾರ ನೀ ನನ್ನ ಒಂದ ಮಾತ ಕೇಳಿದ್ದರ ಹೇಳ್ತಿದ್ದೆ. ಊರಾಗ ಯಾವ ಹೆಣ್ಣಮಗಳನ್ನ ಕೇಳಿದ್ರೂ ಹೇಳ್ತಿದ್ಲು. ಆ ಚಾಚೀನ ಕೇಳಿದ್ರ ತಾನ ಬಂದ ಕಣಕಿ ತಗಸಿ, ನಿಮಗ ಚಾ ಕುಡಿಸಿ, ಗೇಟ ಎತ್ತಾಕ ಕೈ ಹಚ್ತಿದ್ಲು. ಊರ ಅಂಜುಬುರುಕ ಅಂತಿ. ನೀ ಊರನ್ನ ಯಾವಾಗ ಕೇಳಿದಿ?"

ನನ್ನ ಜನ್ಮದಲ್ಲಿ ಅಷ್ಟು ಉದ್ದ ಮಾತನಾಡಿದ್ದು ಅದೇ ಮೊದಲು. ಅವನು ಚೀಲದ ಮೇಲೆಯೇ ಕುಳಿತುಬಿಟ್ಟ. ಅಳಲಿಲ್ಲ. "ನಂಗ ಕಾಲುವಿ ಗೊತ್ತೈತಿ ಅನಕೊಂಡಿದ್ದೆ ಬೇ" ಎಂದ.

ನಾನು ಖಾಲಿ ಬುಟ್ಟಿ ಎತ್ತಿಕೊಂಡು ಮೇಲಿನ ಊರಿನ ದಾರಿ ಹಿಡಿದೆ. ಹಿಂದೆ ನೋಡಲಿಲ್ಲ. ಬಂಡಿದಾರಿಯ ಪೈಪಿನ ಹತ್ತಿರ ಬಂದಾಗ ಹಿಂದೆ ಚಪ್ಪಲಿಯ ಸಪ್ಪಳ ಕೇಳಿಸಿತು.

ಚಾಚಿ ಮೊಣಕಾಲವರೆಗೆ ಸೀರೆ ಎತ್ತಿ ಕಟ್ಟಿ ಕೆಸರಿನಿಂದ ಉಳ್ಳಾಗಡ್ಡಿ ಆರಿಸುತ್ತಿದ್ದರು. ನನ್ನನ್ನು ನೋಡಿ, "ಏನವ್ವಾ, ರೊಟ್ಟಿ ಬಾಕಿ ಉಳೀತು ಅಂತ ವಸೂಲಿಗೆ ಬಂದಿ?" ಎಂದರು. ಆಮೇಲೆ ಅವನನ್ನು ಕಂಡರು.

"ಹೋ! ಗಂಗಾ ತಂದ ಭಗೀರಥ ಬಂದ. ಬಾರಪಾ ಸಾಹೇಬ. ನೀರ ಬೇಕಂತ ನಾ ಇಪ್ಪತ್ತ ವರ್ಷ ದುವಾ ಮಾಡೇನಿ. ಅಲ್ಲಾ ನಿನ್ನ ಕೈಯಾಗ ಕೊಟ್ಟ ಕಳಸತಾನ ಅಂತ ಗೊತ್ತಿದ್ರ ಬಾಯಿ ಮುಚ್ಕೊಂಡ ಇರ್ತಿದ್ದೆ."

"ತಪ್ಪಾತ್ರಿ ಚಾಚಿ" ಎಂದ.

"ತಪ್ಪಾತಂತ. ಯಾರಿಗೆ ಹೇಳಾಕತ್ತಿ? ಈ ಗಿಡಕ್ಕ ಹೇಳು. ಬೇರಿಗೆ ಉಸರ ಇಲ್ಲ ಅದಕ್ಕ."

ಅವನು ಚಪ್ಪಲಿ ಬಿಟ್ಟು ಕೆಸರಿಗೆ ಇಳಿದ. ಗುದ್ದಲಿ ಕೇಳಿ ಪಡೆದು ನೀರು ಹರಿದು ಹೋಗಲು ಬಸಿಗಾಲುವೆ ತೋಡಲು ಶುರು ಮಾಡಿದ. ಹನ್ನೆರಡು ದಿನ ಹೋದ. ಪ್ರತಿ ಗಿಡದ ಬುಡ ಬಿಡಿಸಿ ಬೇರಿಗೆ ಗಾಳಿ ಕೊಟ್ಟ. ಎಷ್ಟೋ ಗಿಡ ಉಳಿದವು, ಮೂಲೆಯ ಸಾಲು ಪೂರ್ತಿ ಹೋಯಿತು. ಅದನ್ನು ಉಳಿಸಲು ಯಾರ ಕೈಯಲ್ಲೂ ಆಗಲಿಲ್ಲ. ಹಾಗಾಯಿತು ಎಂದೇ ಬರೆಯಬೇಕು. ಪೊಲೀಸ್ ಠಾಣೆಗೂ ತಾನೇ ಹೋಗಿ ಗೇಟು ಎತ್ತಿದ್ದು ನಾನು, ಕಾವಲಿನವನ ತಪ್ಪಿಲ್ಲ ಎಂದು ಬರೆದುಕೊಟ್ಟ. ಎರಡು ವರ್ಷ ಕೋರ್ಟಿಗೆ ಅಲೆದ. ಕಾವಲಿನವನಿಗೆ ಕೆಲಸ ಮರಳಿ ಸಿಗಲು ಒಂದು ಮಳೆಗಾಲವೇ ಹಿಡಿಯಿತು.

ರೊಟ್ಟಿಯ ಮಾತನ್ನು ನಾನು ಚಾಚಿಯ ಬಳಿ ಎತ್ತಿದ್ದು ಏಳೆಂಟು ದಿನದ ಮೇಲೆ.

"ಕೊಡತೇನಿ" ಎಂದರು. "ಆದ್ರ ನಿನ್ನ ಕೈಯಾಗಲ್ಲ. ಅವ್ನ ಕಳಸು. ನನ್ನ ಮನಿಗಷ್ಟ ಅಲ್ಲ, ಯಾರ್ಯಾರ ಹೊಲಾ ತೊಯ್ತು ಅವ್ರ ಎಲ್ಲಾರ ಮನಿಗೂ."

ಭಿಕ್ಷುಕರ ಕೆಲಸ ಎಂದವನು ಬುಟ್ಟಿ ಹಿಡಿದು ಹೋದ. ಒಂದು ಮನೆಯಲ್ಲಿ ಬಾಗಿಲು ಹಾಕಿಕೊಂಡರು. ಇನ್ನೊಂದರಲ್ಲಿ ಮುದುಕನೊಬ್ಬ ಒಂದು ತಾಸು ಬೈದು, ಆಮೇಲೆ ನೀರು ಕೊಟ್ಟ. ಮೊದಲ ದಿನ ಸಿಕ್ಕಿದ್ದು ಐದು ರೊಟ್ಟಿ. ಆ ರಾತ್ರಿ ಊಟಕ್ಕೆ ಕುಳಿತಾಗ ಇವರಿಗೆ ಹೇಳಿದ: "ಅಪ್ಪಾ, ಗೇಟ ಎತ್ತಾಕ ಹೋದಾಗ ನಂಗ ಇಷ್ಟ ಅಂಜಿಕಿ ಆಗಿರಲಿಲ್ರಿ. ಬ್ಯಾರೆಯವ್ರ ಬಾಗಲಾ ಬಡಿಯೂದ ಭಾಳ ಕಷ್ಟ ಐತಿ." ಇವರು ತಮ್ಮ ತಾಟಿನ ಬೆಣ್ಣೆಯನ್ನು ಅವನ ತಾಟಿಗೆ ಹಾಕಿದರು.

ಆ ಬೇಸಿಗೆಯಲ್ಲಿ ಡೇರೆ ಕೀಳಬೇಕಾಯಿತು. ನಾಲ್ಕು ಊರು ಮತ್ತೆ ಒಂದೆಡೆ ಕೂರಲು ವರ್ಷವೇ ಬೇಕಾಯಿತು. ನಾಲ್ಕು ಹುಡುಗರು ಒಂದು ಮಧ್ಯಾಹ್ನ ಕೆಡಿಸಿದ್ದನ್ನು ಕಟ್ಟಲು ಇವರು ಎಷ್ಟು ಬಸ್ಸು ಹತ್ತಿ ಇಳಿದರೆಂದು ನನಗೆ ಗೊತ್ತು. ಮಸೂತಿ ಎಂಬ ಊರಿನ ಕಡೆಯಿಂದಲೂ ಜನ ಬಂದರು. ಈ ಸಲ ಕಚೇರಿಯ ಮುಂದಲ್ಲ, ಗೇಟಿನ ಮುಂದೆಯೇ ಕೂರುವುದೆಂದು ತೀರ್ಮಾನವಾಯಿತು. ಹಾಗೆ ಕೂರೋಣ ಎಂದದ್ದು ಚಾಚಿ. ದಿನ, ವೇಳೆ ಎಲ್ಲ ಮೊದಲೇ ಕಚೇರಿಗೆ ಬರೆದು ತಿಳಿಸಿ, ಹಗಲಲ್ಲಿ, ನಾಲ್ಕೂ ಊರಿನ ಹೆಂಗಸರು ಮಕ್ಕಳು ಸಮೇತ ಹೋಗಿ ಕೂತೆವು. ಮೂರನೆಯ ದಿನ ಅಧಿಕಾರಿಯೇ ಬಂದು, ತಮ್ಮ ಕೀಲಿಯಿಂದ ತೆಗೆಸಿ, ಒಂದು ಅಡಿ ಗೇಟು ಎತ್ತಿಸಿದರು. ಒಂಬತ್ತು ದಿನ ನಮ್ಮೂರಿಗೆ ನೀರು ಬಂತು. ಎಲ್ಲ ವರ್ಷವೂ ಬರುವುದಿಲ್ಲ. ಈಗಲೂ ಕೆಲವೊಮ್ಮೆ ಹೋಗಿ ಕೂರಬೇಕಾಗುತ್ತದೆ. ಮೊಣಕಾಲು ನೋವಿದ್ದರೂ ನಾನು ಯಾಕೆ ಹೋಗುತ್ತೇನೆ ಎಂದು ನೀವು ಕೇಳುತ್ತೀರಲ್ಲ, ಅದಕ್ಕೇ. ಇವರು ತೀರಿಕೊಂಡು ಆರು ವರ್ಷವಾಯಿತು. ಅವರ ಪಾಲಿನ ಜಾಗದಲ್ಲಿ ನಾನು ಕೂರುತ್ತೇನೆ, ಮಾತನಾಡುವುದಿಲ್ಲ.

ದೊಡ್ಡವನೇ, ನಿನಗೆ ಬರುವ ಸಿಟ್ಟು ತಪ್ಪು ಎಂದು ನಾನು ಹೇಳುತ್ತಿಲ್ಲ. ನಿನ್ನ ಅಪ್ಪನಿಗಿದ್ದ ಸಿಟ್ಟೂ ತಪ್ಪಲ್ಲ. ಆ ಸಿಟ್ಟಿಲ್ಲದ ಊರಿಗೆ ಎಂದೂ ನೀರು ಬರುವುದಿಲ್ಲ.

ಗೇಟಿನ ಮುಂದೆ ಮೊದಲ ಸಲ ಕೂರುವ ಹಿಂದಿನ ವಾರ ಕಾಲುವೆ ತೆರವು ಮಾಡಬೇಕಿತ್ತು. ನಾವು ಮತ್ತೆ ಅಲ್ಲಿಯೇ ಬಣವೆ ಒಟ್ಟಿದ್ದೆವು, ಬೇರೆಲ್ಲಿ ಒಟ್ಟೋಣ? ನಿಮ್ಮ ಅಪ್ಪ ಬಂಡಿ ಹೂಡಿಕೊಂಡು ಕಾಲುವೆಗೆ ಹೋಗಿ ಕಣಕಿ ಎತ್ತಿ ಹಾಕಬಹುದಿತ್ತು, ಯಾರೂ ಬೇಡ ಅನ್ನುತ್ತಿರಲಿಲ್ಲ. ಹಾಗೆ ಮಾಡಲಿಲ್ಲ. ಎರಡೂ ಊರಿನಲ್ಲಿ ಮನೆ ಮನೆಗೆ ಹೋಗಿ, ಬಣವೆ ಯಾರದು, ಎಲ್ಲಿ ಸಾಗಿಸಲಿ, ಯಾವಾಗ ಬರಲಿ ಎಂದು ಹೆಂಗಸರನ್ನು ಕೇಳಿದ. ಕೊನೆಗೆ ಸಂಜೆ ನಮ್ಮ ಮನೆಯ ಬಾಗಿಲಲ್ಲಿ ಬಂದು ನಿಂತ. ಒಳಗೆ ಬರಲಿಲ್ಲ. ನಾನು ಹಿಟ್ಟು ನಾದುತ್ತಿದ್ದೆ.

"ಅಕ್ಕಾರ, ನಿಮ್ಮ ಬಣವಿ ಮೂರನೇದ್ದಲ್ರೀ?" ಎಂದ, ಪರಕೀಯನ ಹಾಗೆ ಗಂಭೀರವಾಗಿ. "ನಾಳೆ ಎತ್ತಲೇನ್ರೀ?"

ನನಗೆ ನಗು ಉಕ್ಕಿ ಬಂತು. ಆದರೂ ತಡೆದುಕೊಂಡೆ.

"ಒಂದ ದಿನ ವಿಚಾರ ಮಾಡಿ ಹೇಳ್ತೇನಿ" ಎಂದೆ. "ನಮ್ಮ ಯಜಮಾನ್ರನ್ನೂ ಕೇಳಬೇಕು."

"ಆತ್ರಿ. ನಾಳೆ ಮತ್ತ ಬರತೇನಿ" ಎಂದ, ಮತ್ತು ನಿಜವಾಗಿಯೂ ಮರುದಿನ ಬಂದ.